ಬರತಕ್ಕ ಬಾಕಿ: ಮಾಜಿ ಸೈನಿಕರ ಸೌಲಭ್ಯಗಳು ಮತ್ತು ನಮ್ಮ ಹೊಣೆ

ವ್ಯಾಪಾರಸ್ಥರಿಗೆ 'ಬರತಕ್ಕ ಬಾಕಿ' ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟ ಸರಕಿನ ಹಣ ನ್ಯಾಯವಾಗಿ ನಮ್ಮದೇ ಆಗಿದ್ದರೂ ಬಿಲ್ಲು, ರುಜು ಮಾಡಿದ ರಸೀದಿ ಹಾಗೂ ಸರಿಯಾದ ಹೆಸರು ಇಲ್ಲದಿದ್ದರೆ ಅದು ಕೈಸೇರುವುದಿಲ್ಲ. ಮೂರು ವರ್ಷ ಕೇಳದೆ ಬಿಟ್ಟರೆ ಕಾಲಮಿತಿ ಕಾಯ್ದೆ ಅಡ್ಡ ಬರುತ್ತದೆ. ದೇಶಕ್ಕಾಗಿ ಹದಿನೈದು, ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ ಸೈನಿಕನಿಗೂ ಅವನ ಕುಟುಂಬಕ್ಕೂ ಸರ್ಕಾರದಿಂದ ಬರಬೇಕಾದ ಸೌಲಭ್ಯಗಳು ಇದೇ ಬಗೆಯ ಬಾಕಿ. ಅದು ದಾನವಲ್ಲ, ಹಕ್ಕು. ಆದರೆ ಹಕ್ಕು ತಾನಾಗಿಯೇ ಮನೆ ಬಾಗಿಲಿಗೆ ಬರುವುದಿಲ್ಲ. ಅದನ್ನು ಕಾಗದಪತ್ರಗಳ ಮೂಲಕ ಕೇಳಿ ಪಡೆಯಬೇಕಾಗುತ್ತದೆ.

ಕುಂತೂರಿನಂತಹ ಗ್ರಾಮಗಳಲ್ಲಿ, ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಭಾಗದ ಇತರ ಊರುಗಳಲ್ಲಿ ನೆಲೆಸಿರುವ ಮಾಜಿ ಸೈನಿಕರಲ್ಲಿ ಕೆಲವರು ಬೇಸಾಯಕ್ಕೆ ಮರಳಿದ್ದಾರೆ. ಮತ್ತೆ ಕೆಲವರು ಕಾರ್ಖಾನೆ, ಬ್ಯಾಂಕು, ಗೋದಾಮು, ಪೆಟ್ರೋಲ್ ಬಂಕುಗಳಲ್ಲಿ ಕಾವಲು ಕೆಲಸದಲ್ಲಿದ್ದಾರೆ. ನಮ್ಮ ಸದಸ್ಯರಲ್ಲಿ ಅನೇಕರ ಅಂಗಡಿ, ಗಿರಣಿಗಳಲ್ಲಿ ಇವರೇ ನೌಕರರು, ಇವರೇ ಗ್ರಾಹಕರು. ಆದ್ದರಿಂದ ಈ ವಿಷಯ ವಾಣಿಜ್ಯ ಪತ್ರಿಕೆಯ ಪುಟಗಳಿಗೆ ಹೊರತಾದುದಲ್ಲ ಎಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಒಂದೇ ಊರು, ಮೂರು ಜಿಲ್ಲೆಗಳು

ನಮ್ಮ ಭಾಗದ ಮಾಜಿ ಸೈನಿಕರಿಗೆ ಬೇರೆಡೆಯವರಿಗಿಂತ ಹೆಚ್ಚಾಗಿ ಎದುರಾಗಬಹುದಾದ ಒಂದು ತೊಡಕಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅನಂತರ ಅದು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಅಲ್ಲಿಗೆ ಬಂತು. ಇತ್ತೀಚಿನ ವರ್ಷಗಳಲ್ಲಿ ಹನೂರು ಬೇರೆ ತಾಲ್ಲೂಕಾಗಿದೆ. ಹೀಗೆ 1955ರಲ್ಲಿ ಸೇನೆಗೆ ಸೇರಿದವರ ದಾಖಲೆಯಲ್ಲಿ ಸ್ವಂತ ಜಿಲ್ಲೆ ಕೊಯಮತ್ತೂರು ಎಂದೂ, 1975ರಲ್ಲಿ ಸೇರಿದವರ ದಾಖಲೆಯಲ್ಲಿ ಮೈಸೂರು ಎಂದೂ, 2000ದಲ್ಲಿ ಸೇರಿದವರ ದಾಖಲೆಯಲ್ಲಿ ಚಾಮರಾಜನಗರ ಎಂದೂ ಇರುವುದು ಸಹಜ. ಮೂವರೂ ಒಂದೇ ಬೀದಿಯವರಾಗಿರಬಹುದು.

ಹೆಸರಿನ ಪ್ರಶ್ನೆ ಇದಕ್ಕಿಂತ ಜಟಿಲ. ಮಲೆ ಮಹದೇಶ್ವರನ ಸೀಮೆಯಾದ ನಮ್ಮಲ್ಲಿ ಮಾದಪ್ಪ, ಮಾದಯ್ಯ, ಮಹದೇವ, ಮಹದೇವಯ್ಯ ಎಂಬ ಹೆಸರುಗಳು ಮನೆಮನೆಯಲ್ಲೂ ಇವೆ. ಕರೆಯುವಾಗ ಒಂದು, ಬರೆಯುವಾಗ ಇನ್ನೊಂದು. ಭರ್ತಿಯ ದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಹೆಸರು ಸೇವಾ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಪತ್ನಿಯ ಹೆಸರು ಸೇನಾ ದಾಖಲೆಯಲ್ಲಿ ಮಾದಮ್ಮ ಎಂದಿದ್ದು, ಆಧಾರ್ ಕಾರ್ಡಿನಲ್ಲಿ ಮಹದೇವಮ್ಮ ಎಂದಿದ್ದರೆ, ಊರಿನವರ ಪಾಲಿಗೆ ಇಬ್ಬರೂ ಒಬ್ಬರೇ. ಗಣಕಯಂತ್ರದ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ಸ್ತ್ರೀಯರು. ಪತಿ ಬದುಕಿರುವಷ್ಟು ದಿನ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಪತಿಯ ಮರಣಾನಂತರ ಕುಟುಂಬ ಪಿಂಚಣಿ ಕೇಳಲು ಹೋದಾಗ ಅದು ಬೆಟ್ಟದಂತೆ ಎದುರು ನಿಲ್ಲುತ್ತದೆ.

ಇದನ್ನು ಸರಿಪಡಿಸುವ ಅಧಿಕಾರವಿರುವುದು ಆಯಾ ಸೈನಿಕನ ದಾಖಲೆ ಕಚೇರಿಗೆ, ಅಂದರೆ ರೆಕಾರ್ಡ್ ಆಫೀಸಿಗೆ. ಮದ್ರಾಸ್ ರೆಜಿಮೆಂಟಿನವರಿಗೆ ಇದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ; ಮದ್ರಾಸ್ ಇಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿ, ಇ.ಎಂ.ಇ. ವಿಭಾಗದವರಿಗೆ ಸಿಕಂದರಾಬಾದಿನಲ್ಲಿ, ತೋಪಖಾನೆಯವರಿಗೆ ನಾಸಿಕ್ ರೋಡ್‌ನಲ್ಲಿ ಇದೆ. ಸೈನಿಕ ಬದುಕಿರುವಾಗಲೇ ಪತ್ನಿಯ ಹೆಸರು, ಜನ್ಮದಿನಾಂಕ ಹಾಗೂ ಮಕ್ಕಳ ವಿವರಗಳನ್ನು ಆಧಾರ್‌ನೊಡನೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದಲ್ಲಿ ಪ್ರಮಾಣಪತ್ರದೊಡನೆ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು ಈ ಇಡೀ ಲೇಖನದ ಅತಿ ಮುಖ್ಯ ಸಲಹೆ. ಇಂದು ಒಂದು ದಿನದ ಓಡಾಟದಲ್ಲಿ ಮುಗಿಯುವ ಕೆಲಸ ಆಮೇಲೆ ಹಲವು ತಿಂಗಳ ಅಲೆದಾಟಕ್ಕೆ ಕಾರಣವಾಗುತ್ತದೆ.

ಪಿಂಚಣಿ ಪಡೆಯುವವರು ಪರೀಕ್ಷಿಸಬೇಕಾದ ಅಂಶಗಳು

ಸಾಮಾನ್ಯವಾಗಿ ಸಿಪಾಯಿಯಿಂದ ಜೆ.ಸಿ.ಓ. ದರ್ಜೆಯವರೆಗಿನವರು 15 ವರ್ಷ, ಅಧಿಕಾರಿಗಳು 20 ವರ್ಷ ಅರ್ಹ ಸೇವೆ ಸಲ್ಲಿಸಿದ್ದರೆ ಸೇವಾ ಪಿಂಚಣಿ ದೊರೆಯುತ್ತದೆ. ಹಿಂದಿನ ಪದ್ಧತಿಯಲ್ಲಿ ಕೆಲವು ವರ್ಷ ಸಕ್ರಿಯ ಸೇವೆ, ಉಳಿದ ವರ್ಷ ಮೀಸಲು ಸೇವೆ ಎಂದು ಎರಡೂ ಸೇರಿ 15 ವರ್ಷ ಪೂರೈಸಿದವರಿಗೆ ಮೀಸಲು ಸೈನಿಕರ ಪಿಂಚಣಿ ಇದೆ. ಪಿಂಚಣಿ ಬರುತ್ತಿದೆ ಎಂದ ಮಾತ್ರಕ್ಕೆ ಸರಿಯಾದ ಮೊತ್ತವೇ ಬರುತ್ತಿದೆ ಎಂದು ತಿಳಿಯಬಾರದು. ಈ ಕೆಳಗಿನ ಅಂಶಗಳನ್ನು ಒಂದೊಂದಾಗಿ ತಾಳೆ ನೋಡುವುದು ಅಗತ್ಯ.

ಮೊದಲನೆಯದು, ಸಮಾನ ದರ್ಜೆಗೆ ಸಮಾನ ಪಿಂಚಣಿ. ಒಂದೇ ದರ್ಜೆಯಲ್ಲಿ ಒಂದೇ ಅವಧಿಯ ಸೇವೆ ಸಲ್ಲಿಸಿದವರು ಯಾವ ವರ್ಷದಲ್ಲಿ ನಿವೃತ್ತರಾಗಿದ್ದರೂ ಸಮಾನ ಪಿಂಚಣಿ ಪಡೆಯಬೇಕೆಂಬ ಈ ವ್ಯವಸ್ಥೆಯ ಆದೇಶ 2015ರ ನವೆಂಬರ್ 7ರಂದು ಹೊರಬಿದ್ದು, 2014ರ ಜುಲೈ 1ರಿಂದ ಪೂರ್ವಾನ್ವಯವಾಯಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ನಿಯಮದಂತೆ 2019ರ ಜುಲೈ 1 ಹಾಗೂ 2024ರ ಜುಲೈ 1ರಿಂದ ದರಗಳು ಪರಿಷ್ಕೃತವಾಗಿವೆ. ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಈ ದಿನಾಂಕಗಳ ನಂತರ ಮೊತ್ತ ಬದಲಾಗಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಎರಡನೆಯದು, ಪರಿವರ್ತಿತ ಭಾಗದ ಮರುಸ್ಥಾಪನೆ. ನಿವೃತ್ತಿಯ ವೇಳೆ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆದವರಿಗೆ, ಅಂದರೆ ಕಮ್ಯುಟೇಷನ್ ಮಾಡಿಸಿಕೊಂಡವರಿಗೆ, 15 ವರ್ಷಗಳ ನಂತರ ಆ ಭಾಗ ಮತ್ತೆ ಸೇರಬೇಕು. 2008ರಲ್ಲಿ ನಿವೃತ್ತರಾಗಿ ಆಗಲೇ ಇಡಿಗಂಟು ಪಡೆದವರಿಗೆ 2023ರಲ್ಲಿ ಕಡಿತ ನಿಂತಿರಬೇಕು.

ಮೂರನೆಯದು, ವಯಸ್ಸಿಗೆ ತಕ್ಕ ಹೆಚ್ಚುವರಿ ಪಿಂಚಣಿ. ಮೂಲ ಪಿಂಚಣಿಯ ಮೇಲೆ 80 ವರ್ಷ ತುಂಬಿದಾಗ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50 ಹಾಗೂ 100ಕ್ಕೆ ಶೇ. 100ರಷ್ಟು ಹೆಚ್ಚಳ ಸಲ್ಲುತ್ತದೆ. ಇದು ಕುಟುಂಬ ಪಿಂಚಣಿಗೂ ಅನ್ವಯ. ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿ.ಪಿ.ಓ.ದಲ್ಲಿ, ಪತ್ನಿಯ ಜನ್ಮದಿನಾಂಕವೇ ನಮೂದಾಗಿಲ್ಲದಿದ್ದರೆ ಆಕೆಗೆ 80 ತುಂಬಿದ ಸಂಗತಿ ಲೆಕ್ಕದ ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಹೆಚ್ಚಳವೂ ತಾನಾಗಿ ಆರಂಭವಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. 2016ರ ಜನವರಿ 1ರಿಂದ ಕನಿಷ್ಠ ಮೂಲ ಕುಟುಂಬ ಪಿಂಚಣಿ ತಿಂಗಳಿಗೆ 9,000 ರೂಪಾಯಿ. 2025ರ ಜುಲೈ 1ರಿಂದ ಘೋಷಿತವಾದ ಶೇ. 58ರ ತುಟ್ಟಿ ಪರಿಹಾರದ ಪ್ರಕಾರ ಅದಕ್ಕೆ 5,220 ರೂಪಾಯಿ ಸೇರಿ ಒಟ್ಟು 14,220 ರೂಪಾಯಿ ಆಗುತ್ತದೆ. ಅದೇ ಮಹಿಳೆಗೆ 80 ವರ್ಷ ತುಂಬಿದ್ದರೆ ಮೂಲ ಮೊತ್ತ 10,800 ಆಗಿ, ತುಟ್ಟಿ ಪರಿಹಾರ 6,264 ಸೇರಿ 17,064 ರೂಪಾಯಿ ಬರಬೇಕು. ತಿಂಗಳಿಗೆ 2,844 ರೂಪಾಯಿಗಳ ಈ ವ್ಯತ್ಯಾಸ ವರ್ಷಕ್ಕೆ 34,128 ರೂಪಾಯಿಗಳಾಗುತ್ತದೆ. ಹಳ್ಳಿಯಲ್ಲಿ ಒಂಟಿಯಾಗಿರುವ ವೃದ್ಧೆಯೊಬ್ಬರಿಗೆ ಇದು ಔಷಧಿಯ ಖರ್ಚು, ಅಥವಾ ಜೊತೆಗೆ ಇರಲು ನೇಮಿಸಿಕೊಂಡ ಹೆಂಗಸಿನ ಸಂಬಳ. ಒಂದು ಜನ್ಮದಿನಾಂಕದ ಕೊರತೆಯಿಂದ ಇಷ್ಟು ಹಣ ನಿಂತುಹೋಗುತ್ತದೆ.

ನಾಲ್ಕನೆಯದು, ಅಂಗವೈಕಲ್ಯ ಪಿಂಚಣಿ. ಸೇನಾ ಸೇವೆಯ ಕಾರಣದಿಂದ ಉಂಟಾದ ಅಥವಾ ಉಲ್ಬಣಿಸಿದ ವೈಕಲ್ಯವು ಶೇ. 20 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಇದು ದೊರೆಯುತ್ತದೆ. ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸುವ ನಿಯಮವಿದ್ದು, ಅದು ಅನ್ವಯಿಸುವವರಿಗೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲ್ಪಟ್ಟದ್ದನ್ನು 100 ಎಂದೂ ಪರಿಗಣಿಸಲಾಗುತ್ತದೆ.

ತಡವಾದರೆ ಆಗುವ ನಷ್ಟ

ಯಾವಾಗ ಕೇಳಿದರೂ ಹಿಂದಿನ ಬಾಕಿಯೆಲ್ಲವೂ ಬಡ್ಡಿ ಸಮೇತ ಬರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ಸರಿಯಲ್ಲ. 1983ರಲ್ಲಿ ವೈದ್ಯಕೀಯ ಕಾರಣದಿಂದ ಸೇನೆಯಿಂದ ಬಿಡುಗಡೆಗೊಂಡು 1999ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ತರ್ಸೇಮ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಒಂದು ತತ್ವವನ್ನು ಸ್ಪಷ್ಟಪಡಿಸಿತು. ಪಿಂಚಣಿ ತಿಂಗಳು ತಿಂಗಳಿಗೂ ಹುಟ್ಟುವ ಹಕ್ಕಾದುದರಿಂದ ತಡವಾಗಿ ಬಂದವರ ಕೋರಿಕೆಯನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಬೇಕು ಎಂಬುದು ಅದರ ಸಾರಾಂಶ. ವ್ಯಾಪಾರಿಯ ಸಾಲಕ್ಕೂ ಸೈನಿಕನ ಬಾಕಿಗೂ ಕಾಲ ಹೀಗೆ ಒಂದೇ ಅಳತೆಗೋಲು ಹಿಡಿದು ನಿಂತಿದೆ.

ಪಿಂಚಣಿ ಇಲ್ಲದವರಿಗೆ ಏನೂ ಇಲ್ಲವೇ?

ಹದಿನೈದು ವರ್ಷ ತುಂಬುವ ಮೊದಲೇ ಮನೆಯ ತಾಪತ್ರಯದಿಂದ ಸೇನೆ ಬಿಟ್ಟು ಬಂದವರು ಅತ್ಯಂತ ಅಲಕ್ಷ್ಯಕ್ಕೊಳಗಾದವರು. 'ನಮಗೆ ಪಿಂಚಣಿಯೇ ಇಲ್ಲ, ಇನ್ನೇನು ಕೇಳುವುದು' ಎಂದು ಇವರು ಯಾವ ಕಚೇರಿಯ ಕಡೆಗೂ ಹೋಗುವುದಿಲ್ಲ. ನಿಜವಾಗಿ ನೋಡಿದರೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ದೊರೆಯುವ ನೆರವು ಮುಖ್ಯವಾಗಿ ಇಂತಹವರಿಗಾಗಿಯೇ ಇದೆ. ಹವಾಲ್ದಾರ್ ದರ್ಜೆಯವರೆಗಿನ, 65 ವರ್ಷ ದಾಟಿದ, ಪಿಂಚಣಿಯೂ ಬೇರೆ ನಿಯತ ಆದಾಯವೂ ಇಲ್ಲದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವಾ ಪತ್ನಿಯರಿಗೆ ಮಾಸಿಕ 4,000 ರೂಪಾಯಿಗಳಿದ್ದ ಬಡತನ ಪರಿಹಾರ ಅನುದಾನವನ್ನು 2025ರ ಅಕ್ಟೋಬರ್‌ನಲ್ಲಿ 8,000 ರೂಪಾಯಿಗಳಿಗೆ ಏರಿಸಲಾಯಿತು. ಅದೇ ಆದೇಶದಲ್ಲಿ ಮಕ್ಕಳ ಶಿಕ್ಷಣ ಅನುದಾನವು ತಲಾ 1,000ದಿಂದ 2,000 ರೂಪಾಯಿಗಳಿಗೂ (ಇಬ್ಬರು ಮಕ್ಕಳವರೆಗೆ, ಒಂದನೇ ತರಗತಿಯಿಂದ ಪದವಿಯವರೆಗೆ), ವಿವಾಹ ಅನುದಾನವು 50,000ದಿಂದ ಒಂದು ಲಕ್ಷ ರೂಪಾಯಿಗಳಿಗೂ ಏರಿತು. ಹೆಚ್ಚಿಸಿದ ದರಗಳು 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಅನ್ವಯ.

ಇದಕ್ಕೆ ಮೊದಲ ಮೆಟ್ಟಿಲು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯುವುದು. ನಮ್ಮ ಜಿಲ್ಲೆಯ ಕೆಲಸಗಳು ಇಲಾಖೆಯ ಮೈಸೂರು ಕಚೇರಿಯ ಮೂಲಕ ನಡೆಯುತ್ತ ಬಂದಿವೆ. ವಯಸ್ಸಾದವರಿಗೆ ಕುಂತೂರಿನಿಂದ ಮೈಸೂರಿಗೆ ಬಸ್ಸು ಹಿಡಿದು ಹೋಗಿಬರುವುದೇ ಒಂದು ದಿನದ ಕೆಲಸ. ಒಂದು ಕಾಗದ ಕಡಿಮೆಯಾಗಿ ಬರಿಗೈಯಲ್ಲಿ ಮರಳಿದರೆ ಮತ್ತೆ ಹೋಗುವ ಉತ್ಸಾಹ ಉಳಿಯುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಈ ಕಡತವನ್ನು ಸಿದ್ಧಪಡಿಸಿಕೊಳ್ಳುವುದು ಲೇಸು:

1. ಡಿಸ್ಚಾರ್ಜ್ ಪುಸ್ತಕ: ಎಲ್ಲ ಪುಟಗಳ ಎರಡು ಪ್ರತಿ.
2. ಪಿ.ಪಿ.ಓ. ಮತ್ತು ಅದರ ತಿದ್ದುಪಡಿ ಆದೇಶಗಳು (ಪಿಂಚಣಿದಾರರಿಗೆ).
3. ಪತಿ, ಪತ್ನಿ ಇಬ್ಬರ ಆಧಾರ್, ಪ್ಯಾನ್ ಹಾಗೂ ಜಂಟಿ ಖಾತೆಯ ಪಾಸ್‌ಪುಸ್ತಕ.
4. ಮಕ್ಕಳ ಜನನ ಪ್ರಮಾಣಪತ್ರ ಅಥವಾ ಶಾಲಾ ವರ್ಗಾವಣೆ ಪತ್ರ, ಅಂಕಪಟ್ಟಿ.
5. ಸೈನಿಕ ತೀರಿಕೊಂಡಿದ್ದಲ್ಲಿ ಮರಣ ಪ್ರಮಾಣಪತ್ರ.
6. ಹೆಸರು, ಜಿಲ್ಲೆ ಅಥವಾ ದಿನಾಂಕದಲ್ಲಿ ವ್ಯತ್ಯಾಸವಿದ್ದರೆ ಅದನ್ನು ವಿವರಿಸುವ ಪ್ರಮಾಣಪತ್ರ.

'ಸ್ಪರ್ಶ್' ವ್ಯವಸ್ಥೆ

ಹಿಂದೆ ಪಿಂಚಣಿಯನ್ನು ಲೆಕ್ಕ ಹಾಕಿ ಪಾವತಿ ಮಾಡುತ್ತಿದ್ದುದು ಬ್ಯಾಂಕುಗಳು. ಈಚಿನ ವರ್ಷಗಳಲ್ಲಿ ರಕ್ಷಣಾ ಲೆಕ್ಕಪತ್ರ ಇಲಾಖೆಯ 'ಸ್ಪರ್ಶ್' ಎಂಬ ಕೇಂದ್ರೀಕೃತ ವ್ಯವಸ್ಥೆಗೆ ಹಳೆಯ ಪಿಂಚಣಿದಾರರನ್ನೂ ವರ್ಗಾಯಿಸಲಾಗಿದ್ದು, ಪ್ರಯಾಗ್‌ರಾಜ್‌ನಲ್ಲಿರುವ ಕಚೇರಿಯಿಂದ ಹಣ ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಇದರಿಂದ ಅನುಕೂಲವೂ ಇದೆ, ಹೊಸ ಎಚ್ಚರಿಕೆಯೂ ಬೇಕಾಗಿದೆ. ಪಿಂಚಣಿದಾರರು ತಮ್ಮ ಮೂಲ ಪಿಂಚಣಿ, ಕಡಿತ, ಕುಟುಂಬದ ವಿವರ, ತೆರಿಗೆ ಕಡಿತದ ಪತ್ರ ಎಲ್ಲವನ್ನೂ ಈ ಜಾಲತಾಣದಲ್ಲಿ ನೋಡಬಹುದು. ವರ್ಗಾವಣೆಯ ವೇಳೆ ವಿವರಗಳು ತಪ್ಪಾಗಿ ನಮೂದಾಗಿದ್ದರೆ ಅದೂ ಇಲ್ಲಿಯೇ ಗೊತ್ತಾಗುತ್ತದೆ.

ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. 2014ರ ನವೆಂಬರ್‌ನಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ಯೋಜನೆಯಿಂದ ಆಧಾರ್ ಮೂಲಕ ಇದನ್ನು ಊರಿನಲ್ಲೇ ಮಾಡಬಹುದು. ವಯಸ್ಸಾಗಿ ಬೆರಳಚ್ಚು ಸವೆದವರಿಗೆ ಮುಖ ಗುರುತಿಸುವ ವಿಧಾನವಿದೆ. ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಈ ಸೇವೆ ಲಭ್ಯ. ಅಂಚೆಯಣ್ಣನ ಮೂಲಕ ಮನೆಯಲ್ಲೇ ಮಾಡಿಸುವ ಏರ್ಪಾಡೂ ಇದೆ. ಪ್ರಮಾಣಪತ್ರ ತಲುಪದಿದ್ದರೆ ಪಿಂಚಣಿ ನಿಲ್ಲುತ್ತದೆ. ಇದನ್ನೇ ನೆಪವಾಗಿಟ್ಟುಕೊಂಡು ದೂರವಾಣಿಯಲ್ಲಿ ಓ.ಟಿ.ಪಿ. ಕೇಳುವ ವಂಚಕರೂ ಇದ್ದಾರೆ. ಓ.ಟಿ.ಪಿ.ಯನ್ನು ದೂರವಾಣಿಯಲ್ಲಿ ಯಾರಿಗೂ ಹೇಳಬಾರದು. ಹಿಂಬಾಕಿಯಲ್ಲಿ ಶೇಕಡಾವಾರು ಕಮಿಷನ್ ಕೇಳುವ ಮಧ್ಯವರ್ತಿಗಳಿಂದಲೂ ದೂರವಿರಬೇಕು.

ಆರೋಗ್ಯ, ವಿದ್ಯಾಭ್ಯಾಸ, ಉದ್ಯೋಗ

2003ರ ಏಪ್ರಿಲ್ 1ರಂದು ಜಾರಿಗೆ ಬಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ (ಇ.ಸಿ.ಎಚ್.ಎಸ್.) ಪಿಂಚಣಿದಾರರಿಗೂ ಅವಲಂಬಿತರಿಗೂ ಪಾಲಿಕ್ಲಿನಿಕ್ ಹಾಗೂ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಒದಗಿಸುತ್ತದೆ. ನಮ್ಮ ಭಾಗದವರಿಗೆ ಮೈಸೂರಿನ ಪಾಲಿಕ್ಲಿನಿಕ್ ಆಸರೆ. 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರು ಹಾಗೂ ಯುದ್ಧದಲ್ಲಿ ಮಡಿದವರ ಪತ್ನಿಯರು ಸದಸ್ಯತ್ವದ ವಂತಿಗೆ ಕಟ್ಟಬೇಕಾಗಿಲ್ಲ.

ವೃತ್ತಿಪರ ಕೋರ್ಸುಗಳಿಗೆ ಸೇರಿದ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದ್ದು, 2019-20ರಿಂದ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿಗಳ ದರ ನಿಗದಿಯಾಗಿದೆ. ಪ್ರವೇಶಾರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಅಂಕ ಅಗತ್ಯ. ಅರ್ಜಿಯ ಅವಧಿ ಮೀರಿದರೆ ಆ ಅವಕಾಶವೇ ಕಳೆದುಹೋಗುತ್ತದೆ.

ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿಯಿದೆ. ಸ್ವಂತ ಉದ್ದಿಮೆ ಮಾಡಬಯಸುವವರಿಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ (ಪಿ.ಎಂ.ಇ.ಜಿ.ಪಿ.) 2022ರ ಮಾರ್ಗಸೂಚಿಯಲ್ಲಿ ವಿಶೇಷ ವರ್ಗದ ಸ್ಥಾನ ನೀಡಲಾಗಿತ್ತು. ಗ್ರಾಮಾಂತರದಲ್ಲಿ ಶೇ. 35ರ ಸಹಾಯಧನ, ಸ್ವಂತ ಬಂಡವಾಳ ಶೇ. 5 ಮಾತ್ರ. 2025-26ರವರೆಗೆ ಮಂಜೂರಾಗಿದ್ದ ಈ ಯೋಜನೆಯ ಮುಂದಿನ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಬೇಕು.

ಆದಾಯ ತೆರಿಗೆಯ ಮಾತು

ನಿವೃತ್ತಿಯ ವೇಳೆ ದೊರೆಯುವ ಗ್ರಾಚ್ಯುಯಿಟಿ ಹಾಗೂ ಪರಿವರ್ತಿತ ಪಿಂಚಣಿಯ ಇಡಿಗಂಟಿಗೆ ಸೈನಿಕರಿಗೆ ಪೂರ್ಣ ತೆರಿಗೆ ವಿನಾಯಿತಿಯಿದೆ. ಪ್ರತಿ ತಿಂಗಳ ಪಿಂಚಣಿ ಮಾತ್ರ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮುಂತಾದ ಶೌರ್ಯ ಪ್ರಶಸ್ತಿ ಪುರಸ್ಕೃತರ ಪಿಂಚಣಿಗೂ, ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬ ಪಿಂಚಣಿಗೂ ತೆರಿಗೆಯಿಲ್ಲ. ಅಂಗವೈಕಲ್ಯ ಪಿಂಚಣಿಯ ವಿನಾಯಿತಿಯು ವೈಕಲ್ಯದ ಕಾರಣಕ್ಕೇ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಸಲ್ಲುತ್ತದೆಂದು ನೇರ ತೆರಿಗೆಗಳ ಮಂಡಳಿ 2019ರ ಜೂನ್ 24ರ ಸುತ್ತೋಲೆಯಲ್ಲಿ ತಿಳಿಸಿತು. ಆ ಸುತ್ತೋಲೆ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು.

ಸಾಮಾನ್ಯ ಕುಟುಂಬ ಪಿಂಚಣಿಯನ್ನು 'ಇತರ ಮೂಲಗಳ ಆದಾಯ' ಎಂದು ತೋರಿಸಬೇಕು. ಅದರ ಮೂರನೇ ಒಂದು ಭಾಗ ಅಥವಾ ನಿಗದಿತ ಮಿತಿ, ಎರಡರಲ್ಲಿ ಕಡಿಮೆಯಾದುದನ್ನು ಕಳೆಯಬಹುದು. ಹಳೆಯ ಪದ್ಧತಿಯಲ್ಲಿ ಈ ಮಿತಿ 15,000 ರೂಪಾಯಿ. ಹೊಸ ಪದ್ಧತಿಯಲ್ಲಿ 2024-25ರಿಂದ 25,000 ರೂಪಾಯಿ.

ಕಾವಲು ಕೆಲಸ ಮಾಡುವ ಪಿಂಚಣಿದಾರರಿಗೆ ಒಂದು ಸೂಚನೆ. ಸಂಬಳ ಮತ್ತು ಪಿಂಚಣಿ ಎರಡಕ್ಕೂ ಸೇರಿ ಪ್ರಮಾಣಿತ ಕಡಿತ ಒಂದೇ ಬಾರಿ ದೊರೆಯುತ್ತದೆ. ಹೊಸ ಪದ್ಧತಿಯಲ್ಲಿ ಇದು 75,000 ರೂಪಾಯಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿರುವುದರಿಂದ ಇವರಲ್ಲಿ ಬಹುಮಂದಿಗೆ ತೆರಿಗೆ ಬಾರದು. ಹೀಗಿದ್ದರೂ ತೆರಿಗೆ ಕಡಿತವಾಗಿದ್ದಲ್ಲಿ ವಿವರಪಟ್ಟಿ ಸಲ್ಲಿಸದೆ ಆ ಹಣ ಮರಳಿ ಬಾರದು. ಹಲವು ವರ್ಷಗಳ ಹಿಂಬಾಕಿ ಒಂದೇ ವರ್ಷ ಬಂದಾಗ ತೆರಿಗೆಯ ಹೊರೆ ಏರದಂತೆ ಪರಿಹಾರ ಪಡೆಯುವ ಅವಕಾಶವೂ ಇದೆ. 1961ರ ಕಾಯ್ದೆಯಲ್ಲಿ ಇದು 89ನೇ ಕಲಮಾಗಿದ್ದು, 10ಇ ನಮೂನೆಯನ್ನು ಮೊದಲು ಸಲ್ಲಿಸಬೇಕಾಗಿತ್ತು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಕಲಮು ಮತ್ತು ನಮೂನೆಗಳ ಸಂಖ್ಯೆಗಳನ್ನು ನೋಡಿಕೊಂಡು ಬಳಸಬೇಕು.

ನಮ್ಮ ಸದಸ್ಯರು ಮಾಡಬಹುದಾದುದು

ಈ ಕೆಲಸಕ್ಕೆ ದೊಡ್ಡ ಹಣಕ್ಕಿಂತ ಲೆಕ್ಕಪತ್ರದ ಅಭ್ಯಾಸ ಮತ್ತು ಸ್ವಲ್ಪ ಸಮಯ ಬೇಕು. ಇವೆರಡೂ ನಮ್ಮಲ್ಲಿವೆ. ಪ್ರತಿಯೊಬ್ಬ ಸದಸ್ಯರೂ ತಮ್ಮಲ್ಲಿ ದುಡಿಯುವ ಮಾಜಿ ಸೈನಿಕರ ಕಡತವನ್ನು ಒಮ್ಮೆ ತಮ್ಮ ಗುಮಾಸ್ತರಿಂದ ತಾಳೆ ನೋಡಿಸಲಿ. ಇಲಾಖೆಗೆ ಹೋಗಬೇಕಾದ ದಿನ ಸಂಬಳ ಸಹಿತ ರಜೆ ಕೊಡಲಿ. ತಿಂಗಳಿಗೆ ಒಂದು ದಿನ ಒಬ್ಬ ಲೆಕ್ಕಪರಿಶೋಧಕರು, ಒಬ್ಬ ಬ್ಯಾಂಕ್ ಸಿಬ್ಬಂದಿ ಹಾಗೂ ಒಬ್ಬ ಗಣಕಯಂತ್ರ ನಿರ್ವಾಹಕರು ಪಂಚಾಯಿತಿ ಕಟ್ಟಡದಲ್ಲಿ ಕುಳಿತರೆ ಒಂದು ಹಳ್ಳಿಯ ಕಡತಗಳೆಲ್ಲ ಕೆಲವೇ ದಿನಗಳಲ್ಲಿ ಸರಿಹೋದಾವು.

ದೊಡ್ಡ ಕಂಪನಿಗಳಿಗೆ ಇದು ಕಾನೂನಿನ ಅಡಿಯಲ್ಲೂ ಮಾನ್ಯವಾದ ವೆಚ್ಚ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಪೈಕಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಮಾಜಿ ಸೈನಿಕರು, ಯುದ್ಧ ವಿಧವೆಯರು ಹಾಗೂ ಅವರ ಅವಲಂಬಿತರ ಹಿತದ ಕಾರ್ಯಗಳು ಸ್ಪಷ್ಟವಾಗಿ ಸೇರಿವೆ.

ಮುಂದೆ ಇನ್ನೊಂದು ತಲೆಮಾರೂ ಬರಲಿದೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷ ಮುಗಿಸುವ ಅಗ್ನಿವೀರರಿಗೆ ಪಿಂಚಣಿಯಿಲ್ಲ. ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಗಳ ತೆರಿಗೆರಹಿತ ಸೇವಾನಿಧಿ ಇದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳುವ ಈ ಯುವಕರಿಗೆ ಉದ್ಯೋಗವೂ, ಕೈಗೆ ಬಂದ ಇಡಿಗಂಟಿನ ಬಗ್ಗೆ ಸರಿಯಾದ ಸಲಹೆಯೂ ಬೇಕಾಗುತ್ತದೆ.

ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತದೆ. 1949ರಿಂದ ನಡೆದುಬಂದ ಪದ್ಧತಿಯಿದು. ಅಂದು ಧ್ವಜನಿಧಿಗೆ ಕಾಣಿಕೆ ನೀಡುವುದು ಒಳ್ಳೆಯದೇ. ಅದರೊಡನೆ ನಮ್ಮ ಗೋದಾಮಿನ ಬಾಗಿಲು ಕಾಯುವ ಹಿರಿಯರನ್ನು ಕರೆದು ಕೂರಿಸಿ, 'ನಿಮ್ಮ ಪಿ.ಪಿ.ಓ. ತನ್ನಿ, ಅಮ್ಮನವರ ಹೆಸರು ಅದರಲ್ಲಿ ಹೇಗಿದೆ ನೋಡೋಣ' ಎಂದು ಕೇಳುವ ಕೆಲಸವನ್ನೂ ಸದಸ್ಯರು ಕೈಗೊಳ್ಳಬೇಕೆಂದು ವಿನಂತಿ.